ಬರ್ಸ ಮತ್ತು ಬರ್ಷಾ

2016ರ ಮಾರ್ಚ್ 9, ಬುಧವಾರ, ಯುಎಇಯಲ್ಲಿ ಬಿರುಗಾಳಿಯೊಂದಿಗೆ ಭಾರಿ ಮಳೆ ಸುರಿಯಿತು. ಅಬುಧಾಬಿಯಲ್ಲೂ ದುಬೈಯಲ್ಲೂ ರಸ್ತೆಗಳು ನೀರಿನಡಿ ಹೋದವು. ಅಬುಧಾಬಿ ವಿಮಾನ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಹಾರಾಟ ನಿಂತಿತು. ಪೂರ್ವದ ಗುಡ್ಡಗಳ ಕಡೆ, ವರ್ಷದ ಹೆಚ್ಚಿನ ದಿನ ಬರೀ ಕಲ್ಲಾಗಿ ಬಿದ್ದಿರುವ ಹೊಳೆಗಳು ತುಂಬಿ ಹರಿದವು. ಮರುದಿನ ಶಾಲೆಗಳಿಗೆ ರಜೆ ಕೊಟ್ಟರು.

ಆ ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ನಲ್ಲಿ ನನ್ನ ನಾದಿನಿಗೆ ಇಂಟರ್‌ವ್ಯೂ ಇತ್ತು. ಟ್ರಾವೆಲ್ ಏಜೆನ್ಸಿಯೊಂದರಲ್ಲಿ ಟಿಕೆಟ್ ಮಾಡುವ ಕೆಲಸ. ಅವಳು ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದು ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಮನೆಯಲ್ಲಿದ್ದಳು. ವೀಸಾ ಮುಗಿಯಲು ನಾಲ್ಕು ದಿನ ಉಳಿದಿತ್ತು. ಅದಕ್ಕೆ ಮುಂಚೆ ಎರಡು ಕಡೆ ಇಂಟರ್‌ವ್ಯೂ ಕೊಟ್ಟಿದ್ದಳು. ಎರಡೂ ಕಡೆ ತಿಳಿಸುತ್ತೇವೆ ಎಂದವರು ತಿಳಿಸಲಿಲ್ಲ. ಊರಿನಲ್ಲಿ ಅವಳು ಬಿಟ್ಟು ಬಂದ ಕುರ್ಚಿಯಲ್ಲಿ ಆಗಲೇ ಬೇರೊಬ್ಬರು ಕೂತಿದ್ದರು. ಈ ಏಜೆನ್ಸಿಯ ಮಾಲೀಕರು ಮರುದಿನ ಊರಿಗೆ ಹೊರಡುವವರಿದ್ದರು, ಮರಳುವುದು ಒಂದು ತಿಂಗಳ ಮೇಲೆ. ಹಾಗಾಗಿ ಬುಧವಾರ ಆದರೆ ಆಯಿತು, ಇಲ್ಲವಾದರೆ ಇಲ್ಲ.

ಇಂಟರ್‌ವ್ಯೂ ಕೊಡಿಸಿದ್ದು ಅವಳ ಸೋದರಮಾವ. ಎಲೆಕ್ಟ್ರಾ ಸ್ಟ್ರೀಟ್‌ನಲ್ಲಿ ಟಿವಿ, ರೇಡಿಯೋ ಮಾರುವ ಅಂಗಡಿ ಅವರದು. ಏಜೆನ್ಸಿಯ ಮ್ಯಾನೇಜರ್ ದಿನಾ ಅವರ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರಂತೆ. ಆ ಚಹಾದ ಸಲಿಗೆಯಲ್ಲಿ ಮಾತು ಮುಂದುವರಿದು ಇಂಟರ್‌ವ್ಯೂವರೆಗೆ ಬಂದಿತ್ತು. ಏಜೆನ್ಸಿಗೆ ಎರಡು ಶಾಖೆ: ಒಂದು ಮಾವನ ಅಂಗಡಿಯಿಂದ ಮೂರು ಬಾಗಿಲು ಆಚೆ, ಇನ್ನೊಂದು ದುಬೈಯ ಅಲ್ ಬರ್ಷಾದಲ್ಲಿ. ನಾದಿನಿ ಹೋಗಬೇಕಾದದ್ದು ಮೊದಲನೆಯದಕ್ಕೆ.

ಬೆಳಿಗ್ಗೆ ಒಂಬತ್ತಕ್ಕೆ ಅವಳು ಹೊರಟಾಗ ಆಕಾಶ ಬೂದಿಯ ಬಣ್ಣದಲ್ಲಿತ್ತು. ಅವಳು ಊರಿನಿಂದ ತಂದಿದ್ದ ಕಪ್ಪು ಕೊಡೆಯನ್ನು ಕೈಗೆತ್ತಿಕೊಂಡಳು. ಆ ಕೊಡೆ ಬಂದ ದಿನದಿಂದ ನಮ್ಮ ಮನೆಯ ತಮಾಷೆಯ ವಸ್ತುವಾಗಿತ್ತು. ಏಳು ವರ್ಷದ ನನ್ನ ಮಗಳು ಸೂಟ್‌ಕೇಸಿನಲ್ಲಿ ಅದನ್ನು ಕಂಡವಳೇ, "ಚಿಕ್ಕಮ್ಮ, ದಿಸ್ ಈಸ್ ಅ ಡೆಸರ್ಟ್" ಎಂದಿದ್ದಳು. ಇಂಟರ್‌ವ್ಯೂಗೆ ಕೊಡೆ ಹಿಡಿದುಕೊಂಡು ಹೋದರೆ ನಿನ್ನೆ ತಾನೇ ವಿಮಾನ ಇಳಿದವಳ ಹಾಗೆ ಕಾಣುತ್ತೀಯ ಎಂದು ನಾನೂ ಹೇಳಿದೆ. ಅವಳು ಕೊಡೆ ಬಿಟ್ಟು ಹೋದಳು. ಸರ್ಟಿಫಿಕೇಟ್‌ಗಳ ಫೈಲನ್ನು ಮಾತ್ರ ನನಗೆ ಹೇಳದೆ ಬಾಸ್ಮತಿ ಅಕ್ಕಿಯ ಜಿಪ್ ಇರುವ ಖಾಲಿ ಚೀಲದೊಳಗೆ ಹಾಕಿಕೊಂಡಿದ್ದಳು. ಅದು ನನಗೆ ಗೊತ್ತಾದದ್ದು ಮಧ್ಯಾಹ್ನ.

ನಾನು ಆಗ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಆ ವಾರ ಸಂಜೆಯ ಪಾಳಿ, ಹಗಲು ಮನೆಯಲ್ಲೇ. ಹೆಂಡತಿ ಆಫೀಸಿಗೆ, ಮಗಳು ಶಾಲೆಗೆ ಹೋಗಿದ್ದರು. ಹತ್ತೂವರೆಗೆ ಕತ್ತಲಾಯಿತು. ಬಾಲ್ಕನಿಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ತಾನಾಗಿಯೇ ಎದ್ದು ಪಕ್ಕದ ಮನೆಯ ಬಾಲ್ಕನಿಗೆ ಹೋಯಿತು. ಹನ್ನೊಂದರ ಹೊತ್ತಿಗೆ ಕೆಳಗಿನ ಪಾರ್ಕಿಂಗ್‌ನಲ್ಲಿ ಕಾರುಗಳ ಚಕ್ರ ಕಾಣಿಸುತ್ತಿರಲಿಲ್ಲ. ಅಭ್ಯಾಸಬಲದಿಂದ ಒಂದು ಲಕೋಟೆಯ ಹಿಂಬದಿಯಲ್ಲಿ ಸಮಯಗಳನ್ನು ಬರೆಯುತ್ತಾ ಹೋದೆ. ಇಲ್ಲಿ ಬರೆಯುತ್ತಿರುವ ಸಮಯಗಳು ಆ ಲಕೋಟೆಯವು.

11.50ಕ್ಕೆ ಮಾವನ ಫೋನ್ ಬಂತು. ಮಾವ ಸೊಸೆಯಂದಿರ ಹತ್ತಿರ ತುಳು ಬಿಟ್ಟು ಬೇರೆ ಮಾತಾಡುವವರಲ್ಲ. ನಾನು ಹುಬ್ಬಳ್ಳಿ ಕಡೆಯವನಾದ್ದರಿಂದ ನನ್ನ ಹತ್ತಿರ ಕನ್ನಡ. ಹಿಂದಿನಿಂದ ನೀರನ್ನು ಬಕೆಟ್ಟಿಗೆ ತೋಡುವ ಸದ್ದು ಬರುತ್ತಿತ್ತು.

"ಎಂತ ಮಾರಾಯ್ರೆ, ನಿಮ್ಮ ನಾದಿನಿ ಹೋಗಿ ಬರ್ಷಾದಲ್ಲಿ ಕೂತಿದ್ದಾಳಲ್ಲ. ಎಲೆಕ್ಟ್ರಾ ಸ್ಟ್ರೀಟ್ ಅಂತ ನೂರು ಸಲ ಹೇಳಿದ್ದೇನೆ."

ಅವರು ಹೇಳಿದ್ದರ ಸಾರಾಂಶ ಇದು. ಹನ್ನೊಂದೂಕಾಲಕ್ಕೆ ಅವಳಿಗೆ ಫೋನ್ ಮಾಡಿ ಎಲ್ಲಿದ್ದೀ ಎಂದು ಕೇಳಿದ್ದಾರೆ. ಅವಳು ಬರ್ಷಾದಲ್ಲಿ ಇದ್ದೇನೆ ಎಂದಿದ್ದಾಳೆ. ಅಷ್ಟರಲ್ಲಿ ಲೈನ್ ಕಡಿದಿದೆ. ಶಾಖೆ ತಪ್ಪಿ ಹೋಗಿದ್ದಾಳೆಂದು ತಿಳಿದು, ಮಾವ ಮೊಣಕಾಲು ನೀರಿನಲ್ಲಿ ಮೂರು ಬಾಗಿಲು ದಾಟಿ ಮ್ಯಾನೇಜರ್‌ಗೆ ಸುದ್ದಿ ಮುಟ್ಟಿಸಿದ್ದಾರೆ. ಮ್ಯಾನೇಜರ್ ಮಾಲೀಕರಿಗೆ ಫೋನ್ ಮಾಡಿದ್ದಾರೆ. ಮಾಲೀಕರ ಮನೆ ದುಬೈಯಲ್ಲಿ; ಅಬುಧಾಬಿಗೆ ಹೊರಟವರು ರಸ್ತೆ ನೋಡಿ ವಾಪಸಾಗಿ ಬರ್ಷಾದ ಆಫೀಸಿನಲ್ಲೇ ಕೂತಿದ್ದರಂತೆ. ಹುಡುಗಿ ಅಲ್ಲೇ ಇದ್ದರೆ ಒಳ್ಳೆಯದೇ ಆಯಿತು, ಮೂರು ಗಂಟೆಯವರೆಗೆ ಇರುತ್ತೇನೆ, ಬರಲಿ ಎಂದರಂತೆ.

ಇಷ್ಟೆಲ್ಲ ಆಗಿ ಅರ್ಧ ಗಂಟೆಯಾಗಿತ್ತು. ಅಲ್ಲಿಂದಾಚೆ ಅವಳ ಫೋನ್ ಸಿಗುತ್ತಿಲ್ಲ, ನೀವು ಹಿಡಿದು ಹೇಳಿ ಎಂಬುದು ಮಾವನ ಬೇಡಿಕೆ.

ನನಗೆ ಒಂದು ವಿಷಯ ಸರಿ ಕಾಣಲಿಲ್ಲ. ಒಂಬತ್ತೂವರೆಗೆ ಅವಳು ಅಬುಧಾಬಿ ಬಸ್ಸಿನೊಳಗೆ ಕೂತು ನನಗೆ ಫೋನ್ ಮಾಡಿದ್ದಳು. ಅಬುಧಾಬಿಯ ಬಸ್ಸು ಬರ್ಷಾದ ಕಡೆಗೆ ಹೋಗುವುದಿಲ್ಲ; ಅದು ವಿರುದ್ಧ ದಿಕ್ಕು. ಅವಳು ಬಳಸಿದ ಶಬ್ದ ಯಾವುದು, ಆಡಿದ ಹಾಗೆಯೇ ಹೇಳಿ ಎಂದು ಕೇಳಿದೆ.

"ಬರ್ಷಾಡ್ ಉಲ್ಲೆ ಅಂದಳು."

"ಬರ್ಷಾಡ್ ಅಂದಳೋ, ಬರ್ಸೊಡು ಅಂದಳೋ?"

ಬಕೆಟ್ಟಿನ ಸದ್ದು ನಿಂತಿತು.

ಬರ್ಸ ಎಂದರೆ ತುಳುವಿನಲ್ಲಿ ಮಳೆ. ಮದುವೆಯಾದ ಹೊಸತರಲ್ಲಿ ನಾನು ಕಲಿತ ಮೊದಲ ನಾಲ್ಕೈದು ತುಳು ಪದಗಳಲ್ಲಿ ಅದೂ ಒಂದು. ಜೂನ್ ತಿಂಗಳಲ್ಲಿ ಹೆಂಡತಿಯ ಮನೆಯಲ್ಲಿ ಅದಿಲ್ಲದೆ ಒಂದು ವಾಕ್ಯವೂ ಮುಗಿಯುತ್ತಿರಲಿಲ್ಲ. ಬರ್ಸೊಡು ಉಲ್ಲೆ ಎಂದರೆ ಮಳೆಯಲ್ಲಿದ್ದೇನೆ. ಮಾವ ಈ ದೇಶಕ್ಕೆ ಬಂದು ಇಪ್ಪತ್ತಾರು ವರ್ಷ. ಇಷ್ಟು ವರ್ಷದಲ್ಲಿ ಅವರಿಗೆ ಫೋನಿನಲ್ಲಿ ಬರ್ಷಾ ಎಂದು ಸಾವಿರ ಸಲ ಕೇಳಿಸಿರಬಹುದು. ಬರ್ಸ ಎಂದು ಯಾರೂ ಹೇಳಿರಲಿಕ್ಕಿಲ್ಲ.

"ಅದು ಹೌದಲ್ಲ ಮಾರಾಯ್ರೆ," ಎಂದರು. "ಇಲ್ಲಿ ಅಂಗಡಿಯೊಳಗೇ ಬರ್ಸ ಬಂದಿದೆ, ನನಗೆ ತಲೆಗೆ ಹೋಗಲಿಲ್ಲ."

ಮ್ಯಾನೇಜರ್‌ಗೆ ಈಗಲೇ ತಿದ್ದಿ ಹೇಳಿಬಿಡಿ ಎಂದೆ. ಮಾವ ಒಪ್ಪಲಿಲ್ಲ. ತಾನು ಹೇಳಿದ್ದು ಸುಳ್ಳಾಗುತ್ತದೆ, ಮ್ಯಾನೇಜರ್ ಹೇಳಿದ್ದೂ ಸುಳ್ಳಾಗುತ್ತದೆ, ಮಾಲೀಕರು ಖಲಾಸ್ ಎಂದು ಮನೆಗೆ ಹೋಗುತ್ತಾರೆ.

"ಒಂದು ಕೆಲಸ ಮಾಡುವ. ಅವಳನ್ನು ಬರ್ಷಾಕ್ಕೆ ಕಳಿಸಿಬಿಡಿ. ಆಗ ನಾನು ಹೇಳಿದ್ದು ಸರಿಯಾಗ್ತದಲ್ಲ?"

ಸುದ್ದಿಗೆ ಸರಿಹೊಂದುವಂತೆ ನಡೆದದ್ದನ್ನೇ ತಿದ್ದಲು ನನ್ನನ್ನು ಯಾರಾದರೂ ಕೇಳಿಕೊಂಡದ್ದು ಅದೇ ಮೊದಲು. ವಾದ ಮಾಡುತ್ತ ಕೂರಲು ಸಮಯವಿರಲಿಲ್ಲ. ಫೋನ್ ಇಟ್ಟು ಅವಳಿಗೆ ಮಾಡತೊಡಗಿದೆ. ಆರನೆಯ ಸಲ, 12.05ಕ್ಕೆ, ಸಿಕ್ಕಿದಳು.

ಎಲ್ಲಿದ್ದೀ ಎಂದರೆ ಗೊತ್ತಿಲ್ಲ ಎಂದಳು. ಜೆಬೆಲ್ ಅಲಿ ದಾಟಿದ ಮೇಲೆ ಬಸ್ಸು ನಿಂತದ್ದು ನಿಂತೇ ಇದೆ. ಎಡಕ್ಕೆ ನೀರು, ಬಲಕ್ಕೆ ನೀರು.

"ಮುಂದೆ ಒಂದು ಲಾರಿ ತೇಲ್ತಾ ಉಂಟು ಭಾವ."

"ಸರಿಯಾಗಿ ನೋಡಿ ಹೇಳು."

ಮತ್ತೆ ನೋಡಿ, "ಇಲ್ಲ. ಅದು ನಿಂತಿದೆ. ನೀರು ಹೋಗ್ತಾ ಉಂಟು" ಎಂದಳು.

ವಿಷಯ ತಿಳಿಸಿದೆ. ಮೊದಲು ನಕ್ಕಳು. ಆಮೇಲೆ ಮೂರು ಗಂಟೆ ಎಂದದ್ದು ಕೇಳಿ, ಬಸ್ಸಿನಿಂದ ಇಳಿದು ನಡೆಯಲೇ ಎಂದು ಕೇಳಿದಳು. ಹೆದ್ದಾರಿಯಲ್ಲಿ ಇಳಿಯಬೇಡ, ಬಸ್ಸು ಏನು ಮಾಡುತ್ತದೆ ನೋಡು ಎಂದೆ. ಬಸ್ಸು ಏನು ಮಾಡುವುದೆಂದು ತೀರ್ಮಾನಿಸಬೇಕಾದವನು ಪೇಶಾವರ ಕಡೆಯ ಡ್ರೈವರ್. ಅವನು ಇಪ್ಪತ್ತು ನಿಮಿಷದ ನಂತರ ಎದ್ದು ನಿಂತು, "ಅಬುಧಾಬಿ ಮಾಫಿ" ಎಂದು ಘೋಷಿಸಿದನಂತೆ. ಅಬುಧಾಬಿ ಇಲ್ಲ ಎಂದದ್ದಕ್ಕೆ ಪ್ರಯಾಣಿಕರು ಐದಾರು ಭಾಷೆಗಳಲ್ಲಿ ತಕರಾರು ಮಾಡಿದರು. ಇಡೀ ಬಸ್ಸಿನಲ್ಲಿ ವಾಪಸ್ ಹೋಗುವುದಕ್ಕೆ ಖುಷಿಪಟ್ಟವಳು ನಾನೊಬ್ಬಳೇ ಎಂದು ಅವಳು ಆಮೇಲೆ ಹೇಳಿದಳು. ಡ್ರೈವರ್ ಯಲ್ಲಾ, ಅಂದರೆ ಹೊರಡೋಣ, ಎಂದು ಬಸ್ಸು ತಿರುಗಿಸಿದಾಗ 12.40; ಅದನ್ನು ಅವಳು ಆಗಲೇ ಫೋನ್ ಮಾಡಿ ತಿಳಿಸಿದಳು.

ನಾನು ಪ್ಯಾಂಟು ಮೊಣಕಾಲಿನ ಮೇಲೆ ಮಡಚಿ, ಹೆಂಡತಿಯ ಕಪ್ಪು ಶೂಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು, ಆ ಕೊಡೆಯನ್ನು ಹಿಡಿದು ಹೊರಟೆ. ಬಸ್ ಸ್ಟೇಷನ್ ಮನೆಯಿಂದ ಹದಿನೈದು ನಿಮಿಷದ ನಡಿಗೆ. ಅಂದು ನಲವತ್ತು ನಿಮಿಷ ಹಿಡಿಯಿತು. ನಮ್ಮ ಕಟ್ಟಡದ ಮುಂದೆ ಒಬ್ಬ ದೊಡ್ಡ ಮನುಷ್ಯ ಈಜುಕೊಳದ ಗಾಳಿ ಹಾಸಿಗೆಯ ಮೇಲೆ ಮಲಗಿ, ಎದೆಯ ಮೇಲೆ ಚಹಾದ ಲೋಟ ಇಟ್ಟುಕೊಂಡು ತೇಲುತ್ತಿದ್ದ. ಬಾಲ್ಕನಿಗಳಿಂದ ಜನ ಅವನ ಫೋಟೊ ತೆಗೆಯುತ್ತಿದ್ದರು. ಕೊಡೆ ಹಿಡಿದ ನನ್ನ ಫೋಟೊವನ್ನೂ ಒಂದಿಬ್ಬರು ತೆಗೆದರು. ಆ ರಸ್ತೆಯಲ್ಲಿ ನನ್ನದೊಂದೇ ಕೊಡೆ.

ಬಸ್ಸು 1.35ಕ್ಕೆ ಬಂತು. ನಿಲ್ದಾಣದ ನೀರಿನಲ್ಲಿ ಇಳಿದು ಬರುವಷ್ಟರಲ್ಲಿ ಅವಳ ಚೂಡಿದಾರದ ಕೆಳಗಿನ ಅರ್ಧ ಒದ್ದೆಯಾಗಿತ್ತು, ಒಂದು ಚಪ್ಪಲಿ ಕಿತ್ತಿತ್ತು. ಫೈಲು ಮಾತ್ರ ಅಕ್ಕಿ ಚೀಲದಲ್ಲಿ ಒದ್ದೆಯಾಗದೆ ಉಳಿದಿತ್ತು. ಕೊಡೆಯನ್ನು ನೋಡಿ, ಇದು ಡೆಸರ್ಟ್ ಅಲ್ಲವಾ ಭಾವ, ಇದೆಲ್ಲ ಯಾಕೆ ಎಂದಳು. ನಾನು ಕೊಡೆಯನ್ನು ಅವಳ ಕೈಗೆ ಕೊಟ್ಟೆ.

ಮೆಟ್ರೊ ಓಡುತ್ತಿತ್ತು, ಬರ್ಷಾದ ಕಡೆಗೆ ಹತ್ತಿದೆವು. ಮಾವ ಎರಡು ಸಲ ಫೋನ್ ಮಾಡಿದರು. ಬೆಳಿಗ್ಗೆಯಿಂದ ಎಲ್ಲಿದ್ದೆ ಎಂದು ಮಾಲೀಕರು ಕೇಳಿದರೆ ಬರ್ಷಾದ ಮಾಲ್‌ನಲ್ಲಿ ಕಾಫಿ ಕುಡಿಯುತ್ತಿದ್ದೆ ಅನ್ನು ಎಂದು ಎರಡು ಸಲವೂ ಹೇಳಿಕೊಟ್ಟರು. ಸ್ಟೇಷನ್ನಿನಿಂದ ಆಫೀಸಿನವರೆಗೆ ಬೀದಿ ಪೂರ್ತಿ ಕೆರೆಯಾಗಿತ್ತು. ತರಕಾರಿ ಸಾಗಿಸುವ ಪಿಕಪ್‌ನವನೊಬ್ಬ ಜನರನ್ನು ಹಿಂದೆ ಹತ್ತಿಸಿಕೊಂಡು ಈ ದಡದಿಂದ ಆ ದಡಕ್ಕೆ ಬಿಡುತ್ತಿದ್ದ, ದುಡ್ಡು ಕೇಳದೆ. ಸಿಮೆಂಟಿನ ಧೂಳು ಮೆತ್ತಿದ ಕೆಲಸಗಾರರ ನಡುವೆ, ಕೋಟು ಹಾಕಿದ ಬ್ಯಾಂಕಿನವರ ನಡುವೆ ಈರುಳ್ಳಿ ಚೀಲದ ಮೇಲೆ ಕೂತು ದಾಟಿದೆವು. ಆಫೀಸಿನ ಮೆಟ್ಟಿಲಲ್ಲಿ ಅವಳು ಶೂ ಹಾಕಿಕೊಂಡಳು. ಒಂದು ಸೈಜು ದೊಡ್ಡದು. 2.40.

ಆಫೀಸು ಒಂದೇ ಕೋಣೆಯದು, ಮಾಲೀಕರಿಗೆ ಗಾಜಿನ ಅಡ್ಡಗೋಡೆ ಇತ್ತು, ಅದು ಚಾವಣಿಯವರೆಗೆ ಇರಲಿಲ್ಲ. ಹೊರಗಿನ ಸೋಫಾದಲ್ಲಿ ಕೂತ ನನಗೆ ಎಲ್ಲ ಕೇಳಿಸುತ್ತಿತ್ತು. ಅವರು ಕಣ್ಣೂರಿನವರು, ಮಾತು ಹಿಂದಿಯಲ್ಲಿ. ಹನ್ನೊಂದೂವರೆಗೇ ನೀವು ಬರ್ಷಾದಲ್ಲಿದ್ದೀರಿ ಎಂದು ಕೇಳಿದೆ, ಹತ್ತು ನಿಮಿಷದ ದಾರಿಗೆ ಮೂರು ಗಂಟೆ ಹಿಡಿಯಿತೇ ಎಂದು ವಿಚಾರಿಸಿದರು.

ಕಾಫಿಯ ವಿಷಯ ಬರುತ್ತದೆ ಎಂದು ನಾನು ಕಾದೆ.

"ನಾನು ಬರ್ಷಾದಲ್ಲಿ ಇರಲಿಲ್ಲ ಸರ್, ಮಳೆಯಲ್ಲಿದ್ದೆ," ಎಂದಳು.

ಎಲ್ಲವನ್ನೂ ಹೇಳಿದಳು: ಬಸ್ಸು, ಮಾವನ ಅಂಗಡಿಯ ನೀರು, ಒಂದು ಪದ. ಅವರು ಎರಡು ಪದಗಳನ್ನೂ ಅವಳಿಂದ ಮೂರು ಸಲ ಹೇಳಿಸಿದರು. ತನಗೂ ಎರಡೂ ಒಂದೇ ಕೇಳಿಸುತ್ತದೆ ಎಂದರು. ಆಮೇಲೆ ತಮ್ಮದೇ ಕತೆ ತೆಗೆದರು. ಅವರ ಹಳೆಯ ಕೌಂಟರಿನವನೊಬ್ಬ ಫೋನಿನಲ್ಲಿ ಮ್ಯಾಂಗಲೋರ್ ಎಂದದ್ದನ್ನು ಬ್ಯಾಂಗಲೋರ್ ಎಂದು ಕೇಳಿಸಿಕೊಂಡು ಟಿಕೆಟ್ ಮಾಡಿದ್ದ. ತಂಗಿಯ ಮದುವೆಗೆ ಹೊರಟ ಮನುಷ್ಯ ಬೆಂಗಳೂರಿನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು, ಊಟದ ಹೊತ್ತಿಗೆ ಮುಟ್ಟಿದ್ದನಂತೆ. ಆ ಕೌಂಟರಿನಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

"ಊರಿನ ಹೆಸರು ನಂಬುವುದಿಲ್ಲ ಸರ್. ಏರ್‌ಪೋರ್ಟ್ ಕೋಡ್ ಹೇಳ್ತೇನೆ, ಐ-ಎಕ್ಸ್-ಇ. ಮಂಗಳೂರಿನ ಕೋಡಿನಲ್ಲಿ ಎಂ ಅಕ್ಷರವೇ ಇಲ್ಲ, ತಪ್ಪು ಕೇಳಿಸುವುದಿಲ್ಲ. ಆಮೇಲೆ ಅವರ ಬಾಯಿಂದಲೇ ಅದನ್ನು ವಾಪಸ್ ಹೇಳಿಸ್ತೇನೆ." ಹಾಗೆಯೇ ಸೇರಿಸಿದಳು, "ಇವತ್ತು ಮಾವನ ಹತ್ತಿರವೂ ಹೇಳಿಸಬೇಕಿತ್ತು."

ಗಾಜಿನ ಹಿಂದೆ ಅವರು ನಗುವುದು ಕೇಳಿಸಿತು. ಮುಂದಿನ ಕಾಲು ಗಂಟೆ ಕಂಪ್ಯೂಟರಿನ ಮುಂದೆ ಕೂರಿಸಿ ನಾಲ್ಕೈದು ಟಿಕೆಟ್ ಮಾಡಿಸಿ ನೋಡಿದರು. 3.10ಕ್ಕೆ ಅವಳು ಹೊರಗೆ ಬಂದಳು. ಶುಕ್ರ, ಶನಿ ವಾರದ ರಜೆ ಮುಗಿಸಿ ಭಾನುವಾರ ಕೆಲಸಕ್ಕೆ ಬರಬೇಕಂತೆ, ಎಲೆಕ್ಟ್ರಾ ಸ್ಟ್ರೀಟ್‌ಗೆ ಅಲ್ಲ, ಇಲ್ಲಿಗೇ. ವೀಸಾದ ಕಾಗದ ಇವತ್ತೇ ಶುರು ಮಾಡುತ್ತಾರಂತೆ. ಹೇಳುವಾಗ ಶೂ ಎರಡೂ ಕೈಯಲ್ಲಿದ್ದವು. ಆ ಸೈಜಿನಲ್ಲಿ ಅವಳಿಗೆ ಓಡಲಾಗುತ್ತಿರಲಿಲ್ಲ.

ಮೆಟ್ಟಿಲಲ್ಲೇ ನಿಂತು ಮಾವನಿಗೆ ಫೋನ್ ಮಾಡಿದಳು. ಕೆಲಸ ಬರ್ಷಾದಲ್ಲಿ ಎಂದು ತುಳುವಿನಲ್ಲಿ ಹೇಳಿದ ಮೇಲೆ ಆ ಕಡೆಯಿಂದ ಬಂದ ಪ್ರಶ್ನೆ ನನಗೂ ಕೇಳಿಸಿತು. ಮಳೆಯಲ್ಲಿ ಎಂಥ ಕೆಲಸ ಎಂದು ಅವರು ಕೇಳುತ್ತಿದ್ದರು.

ನಾನು ಪಾಳಿಗೆ ಒಂದು ಗಂಟೆ ತಡವಾಗಿ ಮುಟ್ಟಿದೆ. ಅಂದು ಮಳೆಯದೇ ಮುಖ್ಯ ಸುದ್ದಿ. ಆಫೀಸಿನಲ್ಲಿ ಅರ್ಧ ಜನ ಬಂದಿರಲಿಲ್ಲ, ಬಂದವರೆಲ್ಲ ಬರಿಗಾಲಿನಲ್ಲಿದ್ದರು. ಬರ್ಷಾದ ರಸ್ತೆಗಳ ಸ್ಥಿತಿ ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ ಎಂದು ಮುಖ್ಯಸ್ಥರು ಕೇಳಿದಾಗ ನಾನು ಕೈ ಎತ್ತಿದೆ.

ಅವಳು ಬರ್ಷಾ ಶಾಖೆಯಲ್ಲಿ ಮೂರು ವರ್ಷ ಕೆಲಸ ಮಾಡಿದಳು. 2019ರಲ್ಲಿ ಎಲೆಕ್ಟ್ರಾ ಸ್ಟ್ರೀಟ್‌ನ ಶಾಖೆಗೆ ವರ್ಗವಾಯಿತು. ಈಗ ಅಲ್ಲಿನ ಕೌಂಟರಿನಲ್ಲಿದ್ದಾಳೆ. ಮಾವ ಊರಿಗೆ ಟಿಕೆಟ್ ಮಾಡಿಸಲು ಮೂರು ಬಾಗಿಲು ದಾಟಿ ಅವಳ ಹತ್ತಿರವೇ ಬರುತ್ತಾರೆ. ಅವಳು ಅವರಿಂದಲೂ ಐ-ಎಕ್ಸ್-ಇ ಎಂದು ವಾಪಸ್ ಹೇಳಿಸುತ್ತಾಳೆ. ಕಳೆದ ತಿಂಗಳು ಅವರು ಎರಡು ಸಲ ಹೇಳಬೇಕಾಯಿತು.