ಬಷೀರ್ ಸಾಬರ ಗಂಟಲು ಮತ್ತು ಎರಡು ಲ್ಯಾರಿಂಗೋಸ್ಕೋಪುಗಳು

ಮೊನ್ನೆ ಹಲ್ಲುನೋವೆಂದು ನಮ್ಮ ಬೀದಿಯ ಕೊನೆಯಲ್ಲಿರುವ ದಂತವೈದ್ಯೆಯ ಬಳಿ ಹೋಗಿದ್ದೆ. ನನ್ನ ಮಗಳ ವಯಸ್ಸಿನ ಹುಡುಗಿ. ಲವಂಗದೆಣ್ಣೆಯ ಘಾಟು ತುಂಬಿದ ಆ ಪುಟ್ಟ ಕೋಣೆಯಲ್ಲಿ ನನ್ನನ್ನು ಕುರ್ಚಿಗೆ ಒರಗಿಸಿ, ಪೆನ್ನಿನಂಥ ಕಡ್ಡಿಯೊಂದನ್ನು ಬಾಯೊಳಗಿಟ್ಟು, “ಆಂಟಿ, ಅಲ್ನೋಡಿ” ಎಂದು ಗೋಡೆಯ ಟೀವಿಯತ್ತ ಕೈ ತೋರಿಸಿದಳು. ನೋಡಿದೆ. ಗವಿ ಬಿದ್ದ ಬಂಡೆಯೊಂದು ಕಾಣಿಸಿತು. ಅದು ನನ್ನ ದವಡೆಹಲ್ಲು ಎಂದು ತಿಳಿಯಲು ತುಸು ಹೊತ್ತೇ ಬೇಕಾಯಿತು. ಜೀವಮಾನವೆಲ್ಲ ಪರರ ಬಾಯೊಳಗೆ ಇಣುಕಿ ಹೊಟ್ಟೆ ಹೊರೆದುಕೊಂಡವಳು ನಾನು. ನನ್ನದನ್ನು ಮಾತ್ರ ನೋಡಿಕೊಂಡಿರಲಿಲ್ಲ. ಆ ಟೀವಿಯನ್ನು ನೋಡುತ್ತಾ ನೋಡುತ್ತಾ, ಬಾಯಿ ತೆರೆದುಕೊಂಡೇ, ನಾನು ಶಿಡ್ಲಘಟ್ಟದ ಬಷೀರ್ ಸಾಬರನ್ನು ನೆನೆಯತೊಡಗಿದೆ.

ನನ್ನ ಕಸುಬು ಏನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ಮುಂದಿನದು ಅರ್ಥವಾಗದು. ನಾನು ಆಪರೇಷನ್ನಿಗೆ ಮುಂಚೆ ರೋಗಿಗೆ ಮತ್ತು ಬರಿಸುವ ಅರಿವಳಿಕೆ ವೈದ್ಯೆ. ಇಂಜೆಕ್ಷನ್ ಕೊಟ್ಟು ಮೂಲೆಯಲ್ಲಿ ಕೂತು ಕಾಫಿ ಕುಡಿಯುವವರು ಎಂದು ನಮ್ಮ ಬಗ್ಗೆ ನೆಂಟರಲ್ಲೆಲ್ಲ ಒಂದು ನಂಬಿಕೆಯಿದೆ. ನಿಜ ಸಂಗತಿಯೆಂದರೆ, ಪೂರ್ತಿ ಮಲಗಿಸಿದ ಮನುಷ್ಯನ ಉಸಿರು ತನ್ನಷ್ಟಕ್ಕೆ ಆಡುವುದಿಲ್ಲ. ಅವನ ಶ್ವಾಸನಾಳಕ್ಕೆ ಒಂದು ಕೊಳವೆ ಇಳಿಸಿ ನಾವೇ ಉಸಿರಾಡಿಸಬೇಕು. ಆ ಕೊಳವೆ ಹೋಗಬೇಕಾದ ದಾರಿಯೋ ನಾಲಿಗೆಯ ಬುಡದಾಚೆ, ಒಂದು ಮುಚ್ಚಳದ ಮರೆಯಲ್ಲಿ, ಎರಡು ಬೆಳ್ಳನೆಯ ಧ್ವನಿತಂತುಗಳ ನಡುವೆ ಇದೆ. ಮನುಷ್ಯ ಮಾತಾಡುವುದೂ ಹಾಡುವುದೂ ಹೆಂಡತಿಯನ್ನು ಗದರುವುದೂ ಅಲ್ಲಿಂದಲೇ. ಅದನ್ನು ನೋಡಲು ಇರುವ ಸಾಧನ ಲ್ಯಾರಿಂಗೋಸ್ಕೋಪು. ಟಾರ್ಚಿನಂಥ ಹಿಡಿ, ಅದರ ತುದಿಗೆ ಬಾಗಿದ ಉಕ್ಕಿನ ಪಟ್ಟಿ, ಪಟ್ಟಿಯ ಮೇಲೊಂದು ಪುಟ್ಟ ಬಲ್ಬು. ಎಡಗೈಯಲ್ಲಿ ಹಿಡಿದು ನಾಲಿಗೆಯನ್ನು ಎತ್ತಬೇಕು, ಬಗ್ಗಿ ಕಣ್ಣಾರೆ ನೋಡಬೇಕು, ಬಲಗೈಯಿಂದ ಕೊಳವೆ ತೂರಿಸಬೇಕು. ಅಷ್ಟೇ. ಅಷ್ಟು ಕಲಿಯುವುದಕ್ಕೆ ನನಗೆ ವರ್ಷಗಳು ಹಿಡಿದವು.

ಕಲಿಸಿದವರು ಚಿಂತಾಮಣಿಯ ಚಲಪತಿ ಸರ್. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೂ ಕರೆದಲ್ಲಿಗೆಲ್ಲ ಹೋಗಿ ಅರಿವಳಿಕೆ ಕೊಡುತ್ತಿದ್ದರು. ತೆಳ್ಳನೆಯ ಮನುಷ್ಯ, ದಪ್ಪ ಕನ್ನಡಕ, ತೆಲುಗಿನ ರಾಗದ ಕನ್ನಡ. ಬಸ್ಸಿನಲ್ಲಿ ಎದುರಿಗೆ ಕೂತವರ ಕತ್ತು, ಗದ್ದ, ಹಲ್ಲು ನೋಡಿ, “ಈಯನಿಗೆ ಟ್ಯೂಬ್ ಹಾಕೋದು ಕಷ್ಟ ಕಣಮ್ಮಾ” ಎಂದು ನನ್ನ ಕಿವಿಯಲ್ಲಿ ಹೇಳುವುದು ಅವರ ಅಭ್ಯಾಸ. ಆ ಚಟ ನನಗೂ ಅಂಟಿತು. ನನ್ನನ್ನು ನೋಡಲು ಬಂದಿದ್ದ ವರನ ಗದ್ದವನ್ನು ನಾನು ಹೀಗೇ ಅಳೆದಿದ್ದೆ. ಸುಲಭದ ಗಂಟಲು ಎಂದೆನಿಸಿತು, ಒಪ್ಪಿಕೊಂಡೆ. ಆ ಗಂಟಲಿನಿಂದ ಹೊರಡುವ ಮಾತುಗಳ ಬಗ್ಗೆ ಆಗ ಯೋಚಿಸಿರಲಿಲ್ಲ, ಬಿಡಿ.

ಇದೆಲ್ಲ ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲದ್ದು. ನಾನು ಚಿಕ್ಕಬಳ್ಳಾಪುರದಲ್ಲಿ ಮನೆ ಮಾಡಿಕೊಂಡು ಒಂದು ದಿನ ಗೌರಿಬಿದನೂರು, ಒಂದು ದಿನ ಶಿಡ್ಲಘಟ್ಟ, ಒಂದು ದಿನ ಚಿಂತಾಮಣಿ ಎಂದು ಬ್ಯಾಗು ಹೊತ್ತು ತಿರುಗುತ್ತಿದ್ದೆ. ಶಿಡ್ಲಘಟ್ಟದಲ್ಲಿ ವನಜಾಕ್ಷಿ ಮೇಡಂ ಎಂಬ ಸರ್ಜನ್ ಒಂದು ನರ್ಸಿಂಗ್ ಹೋಮ್ ನಡೆಸುತ್ತಿದ್ದರು. ಅವರ ಬಳಿಗೆ ಒಂದು ದಿನ ಬೆಂಗಳೂರಿನಿಂದ ಕಂಪನಿಯವನೊಬ್ಬ ಟೈ ಕಟ್ಟಿಕೊಂಡು ಬಂದು ಹೊಸ ಬಗೆಯ ಲ್ಯಾರಿಂಗೋಸ್ಕೋಪು ತೋರಿಸಿದ. ಪಟ್ಟಿಯ ತುದಿಯಲ್ಲೇ ಕ್ಯಾಮೆರಾ. ವೈರಿನ ಇನ್ನೊಂದು ತುದಿಗೆ ಸ್ಟ್ಯಾಂಡಿನ ಮೇಲೆ ಪುಟ್ಟ ಟೀವಿ. ಬಗ್ಗುವುದು ಬೇಡ, ಇಣುಕುವುದು ಬೇಡ, ನಿಂತಲ್ಲೇ ಎಲ್ಲ ಕಾಣುತ್ತದೆ. “ಒಂದು ತಿಂಗಳು ಇಟ್ಕೊಂಡು ನೋಡಿ ಮೇಡಂ” ಎಂದು ಬಿಟ್ಟುಹೋದ. ವನಜಾಕ್ಷಿ ಮೇಡಂ ನನಗೆ ಹೇಳಿದರು: “ಹಳೇದು, ಹೊಸ್ದು, ಎರಡ್ರಲ್ಲೂ ಮಾಡಿ ನೋಡಿ. ಯಾವ್ದು ಮೇಲು ಅಂತ ನೀವ್ ಹೇಳಿದ್ರೆ ಸಾಕು, ನಾನು ಡಿಸೈಡ್ ಮಾಡ್ತೀನಿ.”

ಇದರಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಎಂದುಕೊಂಡೆ. ಆಹಾ!

ಮೊದಲ ದಿನ ಟೀವಿಯಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ಇಷ್ಟು ವರ್ಷ ಕದವನ್ನು ಓರೆ ಮಾಡಿ ಕದ್ದು ನೋಡುತ್ತಿದ್ದ ಕೋಣೆಯ ಲೈಟನ್ನು ಯಾರೋ ಹಾಕಿದ ಹಾಗಾಯಿತು. ನರ್ಸು, ಆಯಾ, ವಾರ್ಡ್‌ಬಾಯ್ ಎಲ್ಲರೂ ಕ್ರಿಕೆಟ್ ಮ್ಯಾಚಿಗೆ ಸೇರುವಂತೆ ಸೇರಿದರು. “ಅಯ್ಯೋ, ನಮ್ಮ ಮಾತು ಅಲ್ಲಿಂದ ಬರೋದಾ ಮೇಡಂ?” ಎಂದು ಆಯಾ ಕೆನ್ನೆಗೆ ಕೈ ಇಟ್ಟಳು. ಧ್ವನಿತಂತುಗಳು ಅಷ್ಟು ಸ್ಪಷ್ಟ. ಆದರೆ ಕೊಳವೆ? ಅದು ಹೋಗಲೊಲ್ಲದು! ಕಣ್ಣೆದುರೇ ಬಾಗಿಲು ತೆರೆದಿದೆ, ಕೊಳವೆ ಮಾತ್ರ ಪಕ್ಕದ ಗೋಡೆಗೆ ಹೋಗಿ ಹೋಗಿ ತಗುಲುತ್ತಿದೆ. ಕೊನೆಗೆ ಹಳೆಯದನ್ನು ತೆಗೆದುಕೊಂಡೆ. ಅರ್ಧಂಬರ್ಧ ಕಂಡಿತು, ಕೊಳವೆ ಸಲೀಸಾಗಿ ಇಳಿಯಿತು. ಸರಿ, ಹಳೆಯದೇ ಮೇಲು ಎಂದು ಮನೆಗೆ ಹೋದೆ.

ಮುಂದಿನ ವಾರ ತೊಂಡೇಬಾವಿಯ ಕಡೆಯ ಹೆಂಗಸೊಬ್ಬರು ಬಂದರು. ದಪ್ಪ ಮೈ, ಕತ್ತೇ ಇಲ್ಲವೆನ್ನುವಷ್ಟು ಗಿಡ್ಡ ಕತ್ತು. ಹಳೆಯದರಲ್ಲಿ ನಾಲಿಗೆಯ ಹೊರತು ಬೇರೇನೂ ಕಾಣಲಿಲ್ಲ. ಹೊಸದನ್ನಿಟ್ಟರೆ ಎಲ್ಲವೂ ಕಂಡು, ಕೊಳವೆಯೂ ತಕರಾರಿಲ್ಲದೆ ಹೋಯಿತು. ಹಾಗಾದರೆ ಹೊಸದೇ ಮೇಲು. ಅದಾದ ಮೂರು ದಿನಕ್ಕೇ ಒಬ್ಬ ತೆಳ್ಳನೆಯ ಯುವಕ, ಎಂಥ ಹೊಸಬನಾದರೂ ಕೊಳವೆ ಹಾಕಬಹುದಾದ ಗಂಟಲು. ಹೊಸದರಲ್ಲಿ ಅದೇ ನನ್ನ ಬೆವರಿಳಿಸಿಬಿಟ್ಟಿತು. ಹೀಗೆ ಬಸ್ಸು ಹತ್ತುವಾಗ ಇದ್ದ ಅಭಿಪ್ರಾಯ ಇಳಿಯುವಾಗ ಇರುತ್ತಿರಲಿಲ್ಲ. ವನಜಾಕ್ಷಿ ಮೇಡಂ ಕೇಳಿದಾಗಲೆಲ್ಲ “ಇನ್ನೊಂದೆರಡು ಕೇಸ್ ನೋಡೋಣ ಮೇಡಂ” ಎಂದು ಜಾರಿಕೊಳ್ಳುತ್ತಿದ್ದೆ. ಸೀರೆ ಅಂಗಡಿಯಲ್ಲಿ ಎರಡು ಸೀರೆ ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನವೆಲ್ಲ ಕೂರುವ ಹೆಂಗಸು ನಾನು. ನನ್ನ ಕೈಗೆ ಇಂಥ ತೀರ್ಪು ಕೊಟ್ಟದ್ದೇ ತಪ್ಪು.

ಆ ಹೊತ್ತಿಗೆ ಬಂದವರು ಬಷೀರ್ ಸಾಬರು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಲೇಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವರ ಕೆಲಸ. ರೈತರು ಗೂಡು ಸುರಿದುಕೊಂಡು ಕಾಯುತ್ತಿರುತ್ತಾರೆ. ಕೂಗುವವರು ರಾಶಿಯಿಂದ ರಾಶಿಗೆ ನಡೆಯುತ್ತ, ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಹೇಳಿದ ದರವನ್ನು ಗದ್ದಲದ ಮೇಲೆ ಎತ್ತಿ ಹಿಡಿದು ಕೂಗಬೇಕು. ಅವರ ದನಿ ಎಷ್ಟು ದೊಡ್ಡದೆಂದು ನಮ್ಮ ನರ್ಸಿಗೂ ಗೊತ್ತಿತ್ತು. ಆದರೆ ನನ್ನೆದುರು ಅವರು ಹೊಟ್ಟೆ ಹಿಡಿದುಕೊಂಡು, ನೋವಿನಲ್ಲಿ ಉಸಿರು ಬಿಗಿಹಿಡಿದು, ಪಿಸುಮಾತಿನಲ್ಲೇ ಮಾತಾಡಿದರು.

ನಾನು ಬಾಯಿ ತೆರೆಸಿ ನೋಡಿದೆ. ನನ್ನ ಮುಖ ಸಪ್ಪಗಾದದ್ದು ಅವರಿಗೆ ಕಂಡಿರಬೇಕು. ಮುಂದೆ ಚಾಚಿದ ಹಲ್ಲು, ಸಣ್ಣ ಗದ್ದ, ಎರಡು ಬೆರಳಿಗಿಂತ ಹೆಚ್ಚು ತೆರೆಯದ ಬಾಯಿ.

“ಗಂಟಲಿಗೆ ಪೈಪು ಹಾಕ್ತಾರಂತೆ, ಹೌದಾ ಡಾಕ್ಟ್ರಮ್ಮಾ?”

“ಹೌದು ಸಾಬ್ರೇ. ಹಾಕ್ಲೇಬೇಕು.”

“ಹೊಟ್ಟೆ ಹೆಂಗಾನಾ ಕುಯ್ಕೊಳ್ಳಿ. ನನ್ ದನಿ ಒಂದು ಉಳಿಸಿಕೊಡಿ. ಅದು ಹೋದ್ರೆ ನಾನು ಮಾರ್ಕೆಟ್ಟಲ್ಲಿ ಕಸ ಗುಡಿಸ್ಬೇಕಾಗುತ್ತೆ.”

ಎರಡು ಬಗೆಯ ಸಾಧನ ಇರುವ ಸಂಗತಿಯನ್ನು ನರ್ಸು ಆಗಲೇ ಹೇಳಿಬಿಟ್ಟಿದ್ದಳು. “ಟೀವಿ ಇರೋದ್ರಲ್ಲೇ ಹಾಕಿ, ಕಂಡ್ರೆ ಒಳ್ಳೇದಲ್ವಾ?” ಎಂದರು ಸಾಬರು. ಅವರ ಹೆಂಡತಿ ಮೆಹರ್ ಬೀ ಸೆರಗು ಬಿಗಿದುಕೊಂಡು ಮುಂದೆ ಬಂದರು. “ಬೇಡಮ್ಮಾ. ಹೊಸ ಸಾಮಾನು ನಮ್ಮ ಮನೆಯವರ ಮೇಲೆ ಕಲೀಬೇಡಿ. ನಿಮ್ಮ ಕೈಗೆ ಯಾವ್ದು ರೂಢಿ ಇದ್ಯೋ ಅದ್ರಲ್ಲೇ ಮಾಡಿ.” ಗಂಡಹೆಂಡಿರು ನನ್ನೆದುರೇ ಉರ್ದುವಿನಲ್ಲಿ ಪಿಸುಗುಟ್ಟುತ್ತಲೇ ಜಗಳಕ್ಕಿಳಿದರು. ನನಗೆ ಇಬ್ಬರೂ ಸರಿ ಎನಿಸಿತು.

ಚಲಪತಿ ಸರ್‌ಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, “ಯಾವುದ್ರಲ್ಲಿ ನಿನ್ ಕೈ ನಡುಗಲ್ವೋ ಅದ್ರಲ್ಲಿ ಹಾಕಮ್ಮಾ” ಎಂದರು.

“ಎರಡ್ರಲ್ಲೂ ನಡುಗುತ್ತೆ ಸರ್.”

“ಅಯ್ಯೋ ರಾಮಾ. ಸರಿ, ನಾನೂ ಬರ್ತೀನಿ ಇರು.”

ಆಪರೇಷನ್ನಿನ ದಿನ ಬೆಳಿಗ್ಗೆ ಸರ್ ಚಿಂತಾಮಣಿಯಿಂದ ಮೊದಲ ಬಸ್ಸಿಗೇ ಬಂದರು. ಟೀವಿಯನ್ನು ಕನ್ನಡಕ ಏರಿಸಿ ಒಮ್ಮೆ ನೋಡಿ ನನ್ನ ಬಲಕ್ಕೆ ನಿಂತರು. ಮೆಹರ್ ಬೀ ಬಾಗಿಲವರೆಗೂ ಗಂಡನ ಕೈ ಬಿಡಲಿಲ್ಲ. ನಾನು ಔಷಧ ಕೊಟ್ಟೆ, ಸಾಬರು ಮಲಗಿದರು. ಮುಖವಾಡ ಒತ್ತಿ ಆಮ್ಲಜನಕ ಕೊಟ್ಟು, ರೂಢಿಯ ಕೈಯೇ ಇರಲಿ ಎಂದು ಹಳೆಯದನ್ನು ಎತ್ತಿಕೊಂಡೆ. ಮುಚ್ಚಳದ ಅಂಚು ಮಾತ್ರ ಕಂಡಿತು. ಅಂದಾಜಿನ ಮೇಲೆ ಕೊಳವೆ ಕಳಿಸಿದೆ. ಅದು ಅನ್ನನಾಳಕ್ಕೆ ಹೋಯಿತು. ತಕ್ಷಣ ತೆಗೆದು ಮತ್ತೆ ಮುಖವಾಡ ಒತ್ತಿದೆ. ಆಮೇಲೆ ಹೊಸದನ್ನಿಟ್ಟೆ. ಅಲ್ಲಿ, ಟೀವಿಯಲ್ಲಿ, ಶಿಡ್ಲಘಟ್ಟದ ಮಾರುಕಟ್ಟೆಯನ್ನೆಲ್ಲ ತುಂಬುವ ಆ ದನಿಯ ತಂತುಗಳು ಮುತ್ತಿನ ಬಣ್ಣದಲ್ಲಿ ಸುಮ್ಮನೆ ನಿಂತಿದ್ದವು. ಕೊಳವೆ ಹತ್ತಿರ ಹೋಗುತ್ತದೆ, ತಗುಲುತ್ತದೆ, ಜಾರುತ್ತದೆ. ರಕ್ತದ ಆಮ್ಲಜನಕ ಇಳಿದಂತೆ ಅದನ್ನು ತೋರಿಸುವ ಯಂತ್ರದ ಕೂಗೂ ನಿಧಾನವಾಗಿ ಕೆಳಸ್ವರಕ್ಕೆ ಇಳಿಯತೊಡಗಿತು. ನಮ್ಮ ಕಸುಬಿನವರಿಗೆ ಅದಕ್ಕಿಂತ ಕೆಟ್ಟ ಸಂಗೀತ ಇಲ್ಲ.

“ನಿಲ್ಸು. ಉಸಿರು ಕೊಡು ಮೊದ್ಲು” ಎಂದರು ಸರ್. ಕೊಟ್ಟೆ. ಕೂಗು ಮೇಲೇರಿತು.

“ವಾಪಸ್ ಎಬ್ಬಿಸಿಬಿಡೋಣ್ವಾ?” ಎಂದು ವನಜಾಕ್ಷಿ ಮೇಡಂ ಕೇಳಿದರು.

“ಇನ್ನೊಂದೇ ಸಲ. ಆಗ್ಲಿಲ್ಲ ಅಂದ್ರೆ ಎಬ್ಬಿಸೋಣ” ಎಂದ ಸರ್, ಕೊಳವೆಗೆ ಆಕಾರ ಕೊಡಲು ಅದರೊಳಗಿಡುವ ತಂತಿಯನ್ನು ಹೊಸ ಪಟ್ಟಿಯ ಪಕ್ಕ ಹಿಡಿದು ಅದರಷ್ಟೇ ಬಗ್ಗಿಸಿದರು. “ನೀನು ಚಿತ್ರ ಹಿಡ್ಕೊಂಡಿರು, ಅಲ್ಲಾಡಬೇಡ. ಟ್ಯೂಬ್ ನಾನು ಹಾಕ್ತೀನಿ.” ಅವರು ಟೀವಿಯನ್ನು ನೋಡಲಿಲ್ಲ. ಮೊದಲು ಬಾಯಿಯನ್ನೇ ನೋಡಿ ಕೊಳವೆಯನ್ನು ನಾಲಿಗೆಯಾಚೆ ದಾಟಿಸಿ, ಆಮೇಲಷ್ಟೇ ಟೀವಿಯತ್ತ ಕತ್ತೆತ್ತಿದರು. ಕೊಳವೆಯ ತುದಿ ಚಿತ್ರದೊಳಗೆ ಬಂತು, ತಂತುಗಳ ನಡುವೆ ನಿಂತಿತು, ಇಳಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು.

ಸಂಜೆ ಸಾಬರು ಎಚ್ಚರಾಗಿ ಹೆಂಡತಿಯನ್ನು ಕರೆಯಲು ಬಾಯಿ ತೆರೆದರು. ಗಾಳಿ ಮಾತ್ರ ಬಂತು.

ಒಂದೆರಡು ದಿನ ಹಾಗಿರುವುದುಂಟು ಎಂದು ಸಮಾಧಾನ ಹೇಳಿದೆ. ಹೊಲಿಗೆ ಬಿಚ್ಚುವ ದಿನವೂ ಹಾಗೇ ಇತ್ತು. ಮೆಹರ್ ಬೀ ನನ್ನ ಮುಖ ನೋಡಲಿಲ್ಲ. ಬೆಂಗಳೂರಿನ ಗಂಟಲು ತಜ್ಞರ ಬಳಿ ಕಳಿಸಿದೆ. ಅವರು ನೋಡಿ, ಒಂದು ತಂತು ಬಾತಿದೆ, ಇಳಿಯುತ್ತದೆ, ಮಾತಾಡದೆ ಇರಲಿ ಎಂದರಂತೆ. ತಿರುಗಿ ಬಂದ ಸಾಬರು ನನ್ನ ಬಳಿ ಬಗ್ಗಿ ಪಿಸುಗುಟ್ಟಿದರು: “ಅಲ್ಲೂ ಟೀವೀನೇ ಡಾಕ್ಟ್ರಮ್ಮಾ. ನನ್ ಗಂಟಲು ನಾನೇ ನೋಡ್ದೆ.” ಆಮೇಲೆ ಕೇಳಿದರು, “ನೀವು ಯಾವುದ್ರಲ್ಲಿ ಹಾಕಿದ್ರಿ?”

“ಎರಡ್ರಲ್ಲೂ ಸಾಬ್ರೇ. ಮೊದ್ಲು ಹಳೇದು, ಆಮೇಲೆ ಹೊಸ್ದು.”

ಅವರ ಭುಜ ಕುಣಿಯಿತು; ದನಿಯಿಲ್ಲದ ನಗು. “ಹಂಗಾದ್ರೆ ನಾನು ಯಾವುದನ್ನ ಬೈಲಿ?”

ನನಗೂ ಅದೇ ಪ್ರಶ್ನೆ. ಬಾವು ಬಂದದ್ದು ನನ್ನ ಮೊದಲ ಕುರುಡು ಯತ್ನದಿಂದಲೋ, ಎರಡನೆಯದರ ಒದ್ದಾಟದಿಂದಲೋ, ಸರ್ ಹಾಕಿದ ಕೊಳವೆಯಿಂದಲೋ? ಸರ್ ಅವರನ್ನು ಕೇಳಿದರೆ, “ಗೊತ್ತಿಲ್ಲ ಕಣಮ್ಮಾ, ನಿಜವಾಗ್ಲೂ ಗೊತ್ತಿಲ್ಲ” ಎಂದರು. ತಿಂಗಳು ತುಂಬಿ, ಕಂಪನಿಯವನು ಬಂದು ಪೆಟ್ಟಿಗೆ ಕಟ್ಟಿದ. ವನಜಾಕ್ಷಿ ಮೇಡಂ ಕಡೆಗೂ ಕೇಳಿದರು: “ಯಾವ್ದು ಮೇಲು?” “ಎರಡೂ ಇದ್ರೆ ಮೇಲು” ಎಂದೆ. “ಇದನ್ನ ಹೇಳೋಕೆ ಒಂದು ತಿಂಗಳು ಬೇಕಾಯ್ತಾ?” ಎಂದು ಅವರು ನಕ್ಕರು. ನಾನು ನಗಲಿಲ್ಲ.

ಕೆಲವು ವಾರಗಳ ಮೇಲೆ, ಸಾಬರು ಮತ್ತೆ ಕೂಗಲು ಹೋಗುತ್ತಿದ್ದಾರೆ ಎಂದು ನರ್ಸು ಹೇಳಿದಳು. ಮರುದಿನ ಕೆಲಸಕ್ಕೆ ಮುಂಚೆ ಮಾರುಕಟ್ಟೆಗೆ ಹೋದೆ. ಹಸಿಗೂಡಿನ ವಾಸನೆ, ಕಾಲಿಡಲು ಜಾಗವಿಲ್ಲದ ಗುಂಪು. ಆ ಗದ್ದಲದ ಮೇಲೆ ಒಂದು ದನಿ ಏಳುತ್ತಿತ್ತು. ದಪ್ಪನೆಯದು, ಅಂಚಿನಲ್ಲಿ ತುಸು ಮರಳು ಕೂಡಿದಂಥದ್ದು, ಆದರೆ ಮೂಲೆಮೂಲೆಗೆ ತಲುಪುವಂಥದ್ದು. ಬಷೀರ್ ಸಾಬರು! ನನ್ನ ಕಣ್ಣು ತುಂಬಿತು. ಆ ಕ್ಷಣದಲ್ಲೇ ಹೊಳೆಯಿತು, ಈ ದನಿ ಮುಂಚಿನದೇ ಹೌದೋ ಅಲ್ಲವೋ ನನಗೆ ತಿಳಿಯುವಂತಿಲ್ಲ. ಮುಂಚಿನದನ್ನು ನಾನು ಕೇಳಿಯೇ ಇರಲಿಲ್ಲ.

ಪಕ್ಕದಲ್ಲಿದ್ದ ರೈತರನ್ನು ಕೇಳಿದೆ, “ಸಾಬ್ರ ದನಿ ಮುಂಚೇನೂ ಹಿಂಗೇ ಇತ್ತಾ ಅಣ್ಣಾ?”

“ಇಲ್ಲಮ್ಮಾ, ಆಗ ಗಂಟೆ ಹೊಡ್ದಂಗಿತ್ತು.”

ಅವರ ಜೊತೆಗಿದ್ದವರು ಒಪ್ಪಲಿಲ್ಲ. “ಏಯ್, ಸುಮ್ನಿರಪ್ಪ. ಆವಯ್ಯನ ಗಂಟಲು ಯಾವಾಗ್ಲೂ ಇಂಗೇ ಕಣಮ್ಮಾ.”

ಇಬ್ಬರೂ ವಾದಕ್ಕೆ ನಿಂತರು. ಸಾಬರು ನನ್ನನ್ನು ಕಂಡು, ಕೂಗುತ್ತಲೇ ಕೈಯೆತ್ತಿದರು.

ಈಗ ನನ್ನ ಆಪರೇಷನ್ ಕೋಣೆಯಲ್ಲಿ ಎರಡೂ ಬಗೆಯ ಲ್ಯಾರಿಂಗೋಸ್ಕೋಪುಗಳಿವೆ. ಕಲಿಯಲು ಬರುವ ಹುಡುಗಿಯರು ಯಾವುದು ಮೇಲು ಎಂದು ಕೇಳುತ್ತಾರೆ. ಅಂಥವರಿಗೆ ಇದು, ಇಂಥವರಿಗೆ ಅದು ಎಂದು ಪುಸ್ತಕದಂತೆ ಹೇಳುತ್ತೇನೆ. ಹೇಳುವಾಗ ನನ್ನ ದನಿ ನನಗೇ ಅಷ್ಟು ಗಟ್ಟಿಯಾಗಿ ಕೇಳುವುದಿಲ್ಲ. ಇವತ್ತು ಬೆಳಿಗ್ಗೆ ಟೇಬಲ್ಲಿನ ಮೇಲೆ ಮುದ್ದೇನಹಳ್ಳಿಯ ಅಜ್ಜಿಯೊಬ್ಬರಿದ್ದರು. ಸರ್ಜನ್ನಿಗೆ ಅವಸರ, ಮತ್ತಿನ ಔಷಧ ಸಿರಿಂಜಿನಲ್ಲಿ ತಯಾರು. ನಾನು ಮುಖವಾಡವನ್ನು ಪಕ್ಕಕ್ಕಿಟ್ಟು, “ಏನಾದ್ರೂ ಮಾತಾಡಜ್ಜಿ” ಎಂದೆ.

“ಏನ್ ಮಾತಾಡ್ಲಮ್ಮಾ?”

“ಏನಾದ್ರೂ.”

ಅಜ್ಜಿ ತಮ್ಮ ಎಮ್ಮೆ ಹೆಣ್ಣುಕರು ಹಾಕಿದ್ದನ್ನು ಹೇಳತೊಡಗಿದರು. ಸಣ್ಣ ದನಿ, ಪ್ರತಿ ಮಾತಿನ ಕೊನೆಗೆ ತುಸು ಮೇಲೇಳುತ್ತಿತ್ತು. ಅದು ನನ್ನ ಕಿವಿಯಲ್ಲಿ ಚೆನ್ನಾಗಿ ಕೂರುವವರೆಗೂ ಕೇಳಿಸಿಕೊಂಡೆ. ಆಮೇಲೆ ಸಿರಿಂಜಿಗೆ ಕೈ ಚಾಚಿದೆ.