ಗೇಟಿನ ಹೊರಗಿನಿಂದ ಮಾಡಿದ ಫೋನು

ನಮ್ಮ ಕಡೆ ಲಗ್ನಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿದರೆ ಅದನ್ನು ಯಾರೂ ಕರೆದಂತೆ ಎಣಿಸುವುದಿಲ್ಲ. ಮನೆಗೆ ಬರಬೇಕು, ಕೂಡಬೇಕು, ನೀರು ಕುಡಿದು ಬಾಯಿ ಬಿಟ್ಟು ಹೇಳಬೇಕು. ಕರೆದವರ ಕಡೆಗೆ ಹೋಗುವಾಗಲೂ ಬರಿಗೈಯಲ್ಲಿ ಹೋಗುವಂತಿಲ್ಲ. ನನ್ನ ಗಂಡ ಈ ರೀತಿಯನ್ನು ಕಂಪ್ಯೂಟರಿನೊಳಗೂ ಬಿಡಲಿಲ್ಲ. ಅದರಿಂದಾಗಿ ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ನಾನು ತೊಡೆಯ ಮೇಲೆ ಚೀಲ ಇಟ್ಟುಕೊಂಡು, ತಲೆ ತಗ್ಗಿಸಿ ಕೂತ ದಿನವೊಂದಿದೆ. ಅವರು ತೀರಿಕೊಂಡು ವರ್ಷ ತುಂಬುತ್ತ ಬಂತು. ಅವರ ಬಗ್ಗೆ ಏನು ನೆನೆಯಲು ಹೋದರೂ ಆ ದಿನವೇ ಮುಂದೆ ಬಂದು ನಿಲ್ಲುತ್ತದೆ.

ಅಣ್ಣಿಗೇರಿಯ ಹತ್ತಿ ಗಿರಣಿಯಲ್ಲಿ ಅವರು ಸ್ಟೋರ್ ನೋಡಿಕೊಳ್ಳುತ್ತಿದ್ದರು. ಗಿರಣಿ ಮುಚ್ಚಿದಾಗ ಅವರಿಗೆ ನಲವತ್ತು ದಾಟಿತ್ತು. ಮೊದಮೊದಲು ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಬಸ್ ಸ್ಟ್ಯಾಂಡಿನ ತನಕ ಹೋಗಿ ಪೇಪರ್ ಓದಿ ಬರುತ್ತಿದ್ದರು. ಆಮೇಲೆ "ಈಗ ಏನ್ ಮಾಡಾಕತ್ತೀರಿ?" ಎಂದು ಯಾರಾದರೂ ಕೇಳಿಯಾರೆಂದು ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದರು. ಆ ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ದಾಟಬೇಕು. ಅವರಿಗೊಂದು ಕೆಲಸ ಸಿಕ್ಕು ಮತ್ತೆ ಮುಂಬಾಗಿಲಿನಿಂದ ಹೋಗುವಂತಾದರೆ ಸಾಕೆಂದು ನನಗಿತ್ತು. ಬೇರೆ ಏನೂ ಬೇಡಿಕೊಂಡಿರಲಿಲ್ಲ.

ಧಾರವಾಡದ ಕಾಲೇಜೊಂದರ ಆಫೀಸಿನಲ್ಲಿದ್ದ ನನ್ನ ತಂಗಿ ದೀಪಾವಳಿಗೆ ಬಂದಾಗ ಹೊಸ ಸುದ್ದಿ ತಂದಳು. ನೌಕರಿ ಮಾಡುವವರೂ ಕೊಡುವವರೂ ಪರಿಚಯ ಮಾಡಿಕೊಳ್ಳುವ ಒಂದು ಜಾಲತಾಣ ಬಂದಿದೆ, ಕಂಪನಿಯವರು ಈಗ ಅಲ್ಲೇ ಜನರನ್ನು ಹುಡುಕುತ್ತಾರೆ ಎಂದಳು. ಆಗ ನಮ್ಮೂರಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ. ಮೂವರೂ ಇಂಟರ್ನೆಟ್ ಅಂಗಡಿಗೆ ಹೋದೆವು. ಫೋಟೋ ಬೇಕಾಯಿತು. ಯಾರದೋ ಮದುವೆಯಲ್ಲಿ ನಾವಿಬ್ಬರೂ ನಿಂತು ತೆಗೆಸಿಕೊಂಡದ್ದೊಂದಿತ್ತು. ಅದರಲ್ಲಿ ನನ್ನನ್ನು ಕತ್ತರಿಸಿ ಅವರನ್ನಷ್ಟೇ ಹಾಕಿಸಿದಳು.

"ಅಕ್ಕಾ, ನಿನ್ನ ಬಳಿ ಒಂದೀಟ ಉಳದಾವ ನೋಡು," ಎಂದು ನಕ್ಕಳು. ಮೂಲೆಯಲ್ಲಿ ನನ್ನ ಹಸಿರು ಬಳೆ ಇಣುಕುತ್ತಿದ್ದವು.

"ಇರ್ಲಿ ಬಿಡವಾ. ಹೊಸಾ ಜಾಗಾ, ಜೋಡಿ ಯಾರರ ಇದ್ದರ ಚೊಲೊ," ಎಂದರು ಅವರು.

ಪರಿಚಯ ಕೋರಿ ಮೊದಲು ಬಂದವರು ನವಲಗುಂದದ ಮಾಸ್ತರರೊಬ್ಬರು. ಜಾಲತಾಣದಲ್ಲಿ ಕೋರಿಕೆ ಕಳಿಸಿದ ಮರುದಿನ ಬಸ್ ಹತ್ತಿ ಮನೆಗೇ ಬಂದರು. "ಬರೇ ಬಟನ್ ಒತ್ತಿ ಬಿಟ್ರ ಏನ್ ಚಂದರಿ? ಹೇಳಿ ಹೋಗೂಣು ಅಂತ ಬಂದೆ."

"ಚೊಲೊ ಮಾಡಿದ್ರಿ. ಚಾ ಕುಡೀರಿ, ಆಮ್ಯಾಲೆ ಒಪ್ಪಿಗಿ ಕೊಡತೇನಿ," ಎಂದರು ಇವರು, ಅಗದಿ ಗಂಭೀರವಾಗಿ.

ಮುಂದೆ ಬಂದ ಒಂದೊಂದು ಕೋರಿಕೆಗೂ ಇವರು ಫೋನ್ ಮಾಡಿ "ಬಂದೈತ್ರಿ, ಮುಟ್ಟೇತಿ, ಒಮ್ಮೆ ಮನಿ ಕಡೆ ಬರ್ರಿ" ಎನ್ನುತ್ತಿದ್ದರು. "ಮಾಮಾ, ನಿಮ್ಮ ಇಂಟರ್ನೆಟ್ ಖರ್ಚಿಗಿಂತ ಚಾಪುಡಿ ಖರ್ಚ ಜಾಸ್ತಿ ಆತು," ಎಂದು ತಂಗಿ ಚಾಷ್ಟಿ ಮಾಡುತ್ತಿದ್ದಳು.

ಚಳಿಗಾಲದಲ್ಲಿ ಹುಬ್ಬಳ್ಳಿಯ ಗೋದಾಮು ಕಂಪನಿಯೊಂದರಿಂದ ಸಂದೇಶ ಬಂತು. ನಿಮ್ಮ ಅನುಭವ ನೋಡಿದೆವು, ನಮ್ಮಲ್ಲಿ ಸ್ಟೋರ್ ಕೀಪರ್ ಜಾಗವಿದೆ, ಅನುಕೂಲವಾದಾಗ ಫೋನ್ ಮಾಡಿ ಎಂದಿತ್ತು. ಕೆಳಗೆ ಒಬ್ಬ ಹೆಣ್ಣುಮಗಳ ಹೆಸರೂ ಫೋನ್ ನಂಬರೂ ಇದ್ದವು.

"ಕರದಾರ," ಎಂದರು ಮನೆಗೆ ಬಂದು. ಎಷ್ಟೋ ದಿನಗಳ ಮೇಲೆ ಮುಂಬಾಗಿಲಿನಿಂದ ಒಳಗೆ ಬಂದಿದ್ದರು.

ತಂಗಿ ಫೋನಿನಲ್ಲಿ ಹೇಳಿ ಹೇಳಿ ಸೋತಳು. "ಮಾಮಾ, ಫೋನ್ ಮಾಡ್ರಿ ಅಂತ ಬರದಾರ. ಬರ್ರಿ ಅಂತ ಅಲ್ಲ."

"ಅವರಾಗೇ ಹುಡಿಕ್ಯಾಡಿ ಕರದಾರವಾ. ನಾ ಮನ್ಯಾಗ ಕುಂತ ಫೋನ್ ಹಚ್ಚಿದ್ರ ಸೊಕ್ಕಿನಾಂವ ಅಂತಾರ."

ಕರೆದವಳು ಹೆಣ್ಣುಮಗಳು, ಒಬ್ಬರೇ ಹೋಗುವುದು ಸರಿಯಲ್ಲ, ಆದ್ದರಿಂದ ನಾನೂ ಹೋಗಬೇಕಾಯಿತು. ಬರಿಗೈ ಬೇಡವೆಂದು ಬೆಳಿಗ್ಗೆ ಮೈದುನನ ಹೊಲಕ್ಕೆ ಹೋಗಿ ಜೋಳದ ಎಳೆಯ ತೆನೆಗಳನ್ನು ಸುಟ್ಟು, ಬಡಿದು, ಸೀತನಿ ಮಾಡಿಸಿಕೊಂಡು ಬಂದರು. ಬಿಸಿ ಆರಬಾರದೆಂದು ನಾನು ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲೆ ಬೆಚ್ಚಗಿತ್ತು.

ಆಫೀಸಿನ ಹಾಲಿನಲ್ಲಿ ಚಿಕ್ಕ ವಯಸ್ಸಿನವರು ಪ್ಲಾಸ್ಟಿಕ್ ಫೈಲು ಹಿಡಿದು ಸಾಲಾಗಿ ಕೂತಿದ್ದರು. ಎಸಿ ಗಾಳಿಯಲ್ಲಿ ಸುಟ್ಟ ತೆನೆಯ ವಾಸನೆ ಎಲ್ಲ ಕಡೆ ಹರಡಿತು. ಒಬ್ಬ ಮೂಗು ಎಳೆದು ಬಾಜೂದವನ ಕಡೆ ನೋಡಿದ. ನಾನು ಸೆರಗಿನಿಂದ ಚೀಲ ಮುಚ್ಚಿದೆ.

ಕೊನೆಗೆ ಆ ಹುಡುಗಿ ಹೊರಗೆ ಬಂದಳು. ಬೆಂಗಳೂರು ಕಡೆಯ ಮಾತು. ನನ್ನ ತಂಗಿಗಿಂತ ಚಿಕ್ಕವಳು. ಇವರು ಎದ್ದು ನಿಂತು ಕೈಮುಗಿದರು. "ನೀವು ಕರದಿದ್ರೆಲ್ಲರಿ, ಅಣ್ಣಿಗೇರಿಯಿಂದ ಬಂದೇವಿ."

ಅವಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಇನ್ನೂ ಗೊಂದಲಕ್ಕೆ ಬಿದ್ದಳು. "ಸರ್, ನಾನು ಬರೋಕೆ ಹೇಳಿರ್ಲಿಲ್ಲ. ಆ ಮೆಸೇಜು ತುಂಬಾ ಜನಕ್ಕೆ ಹೋಗಿರುತ್ತೆ. ಮೊದಲು ಫೋನಲ್ಲಿ ಮಾತಾಡ್ಬೇಕು, ಆಮೇಲೆ ನಾವು ದಿನ ಹೇಳ್ತೀವಿ."

"ಭಾಳ ಮಂದೀಗೆ ಹೋಗೇತೇನ್ರಿ?" ಎಂದರು ಇವರು. ಆ ಧ್ವನಿ ಇನ್ನೂ ನನ್ನ ಕಿವಿಯಲ್ಲಿದೆ. ಕೂತವರಲ್ಲಿ ಯಾರೋ ನಗು ತಡೆದರು. ಏನಾದರೂ ಮಾಡಬೇಕೆಂದು ನಾನು ಚೀಲವನ್ನು ಮುಂದೆ ಹಿಡಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ, ಬೇಡಮ್ಮ. ನಾವು ಏನೂ ತಗೊಳ್ಳೋ ಹಾಗಿಲ್ಲ."

ಲಂಚ ಕೊಡಲು ಬಂದವರೆಂದು ತಿಳಿದಳೇನೋ ಎಂದು ನನ್ನ ಮೈ ಬಿಸಿಯಾಯಿತು. ಇವರು ನನ್ನ ಕಡೆ ನೋಡಲಿಲ್ಲ. "ನಡಿ, ಹೋಗೂಣು," ಎಂದರು.

ಗೇಟು ದಾಟಿದ ಮೇಲೆ ಬಸ್ಸಿನ ಕಡೆ ಹೋಗದೆ, ಕಂಪೌಂಡಿನ ಹೊರಗಿನ ಬೇವಿನ ಮರದ ಕೆಳಗೆ ನಿಂತರು. ಜೇಬಿನಿಂದ ಮೊಬೈಲ್ ತೆಗೆದರು. ನಾನು ಕಲ್ಲಿನ ಮೇಲೆ ಕೂತು ಸೆರಗನ್ನು ಮುಖದ ತನಕ ಎಳೆದುಕೊಂಡೆ.

"ನಮಸ್ಕಾರ್ರಿ. ಅಣ್ಣಿಗೇರಿಯಿಂದ ಮಾತಾಡಾಕತ್ತೇನ್ರಿ. ನಿಮ್ಮ ಮೆಸೇಜ್ ಬಂದಿತ್ತು. ಫೋನ್ ಮಾಡ್ರಿ ಅಂದಿದ್ರಿ."

ಈಗಷ್ಟೇ ಎದುರಿಗೆ ನಿಂತಿದ್ದವರು, ಎಂದೂ ನೋಡದವರಂತೆ ಮೊದಲಿನಿಂದ ಪರಿಚಯ ಹೇಳಿಕೊಂಡರು. ಗೋದಾಮಿನ ಲಾರಿಯೊಂದು ಬಂದು ಗೇಟು ತೆರೆಯಲು ಜೋರಾಗಿ ಹಾರ್ನ್ ಹಾಕಿತು. ಇವರು ಫೋನನ್ನು ಎದೆಗೆ ಒತ್ತಿ ಹಿಡಿದು, ಅದು ಸುಮ್ಮನಾದ ಮೇಲೆ ಮತ್ತೆ ಕಿವಿಗೆ ಹಚ್ಚಿದರು. ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಕೊನೆಗೆ "ಸೋಮವಾರರೀ? ಬರತೇನ್ರಿ. ಅಣ್ಣಿಗೇರಿಯಿಂದ ಬರಬೇಕಲ್ರಿ, ಮುಂಜಾನೆ ಬಸ್ಸಿಗೆ ಬಿಡತೇನಿ," ಎಂದರು. ಮರದ ಕೆಳಗೆ ನಮ್ಮನ್ನು ಯಾರೂ ಕಾಣಲಿಲ್ಲ ಎಂಬುದೊಂದೇ ನಮಗಿದ್ದ ಸಮಾಧಾನ.

ಮನೆ ಮುಟ್ಟುವಷ್ಟರಲ್ಲಿ ಸೀತನಿ ತಣ್ಣಗಾಗಿ ಗಟ್ಟಿಯಾಗಿತ್ತು. "ಎಮ್ಮಿಗೆ ಹಾಕು," ಎಂದರು. ಮುಂದೆ ಎಂದೂ ಅವರು ಸೀತನಿ ಬಾಯಿಗೆ ಇಡಲಿಲ್ಲ.

ಸೋಮವಾರ ಒಬ್ಬರೇ ಹೋದರು, ಕೈಯಲ್ಲಿ ಫೈಲು ಮಾತ್ರ. ಕೆಲಸ ಸಿಕ್ಕಿತು. ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ದಿನಾ ಮುಂಬಾಗಿಲಿನಿಂದ ಹೋಗಿ ಮುಂಬಾಗಿಲಿನಿಂದ ಬಂದರು. ಹೇಗೆ ಸಿಕ್ಕಿತೆಂದು ಕೇಳಿದವರಿಗೆ "ಕಂಪ್ಯೂಟರಿನ್ಯಾಗ" ಎನ್ನುತ್ತಿದ್ದರು. ಆ ದಿನದ ಮಾತನ್ನು ನಾವಿಬ್ಬರೂ ಒಬ್ಬರ ಮುಂದೊಬ್ಬರು ಎತ್ತಲಿಲ್ಲ.

ಹೋದ ವಾರ ಅದೇ ಜಾಲತಾಣದಲ್ಲಿ ಅವರ ಹೆಸರಿಗೆ ಒಂದು ಸಂದೇಶ ಬಂತು. ಅವರ ಫೋನು ತಂಗಿಯ ಕೈಯಲ್ಲಿತ್ತು, ಓದಿ ಹೇಳಿದಳು. ಹುಬ್ಬಳ್ಳಿ ಆಫೀಸಿನ ಆ ಹುಡುಗಿಯೇ ನನಗೆಂದು ಬರೆದಿದ್ದಳು. ಈಗ ಬೇರೆ ಊರಲ್ಲಿದ್ದಾಳೆ, ಇವರು ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತಂತೆ. ಅವತ್ತು ಲಾರಿಯ ಹಾರ್ನು ತನಗೆ ಫೋನಿನಲ್ಲೂ ಕಿಟಕಿಯಲ್ಲೂ ಒಟ್ಟಿಗೇ ಕೇಳಿತು, ಎದ್ದು ನೋಡಿದರೆ ಮರದ ಕೆಳಗೆ ನಿಮ್ಮವರು ನಿಂತಿದ್ದರು, ನೀವು ಚೀಲ ಅಪ್ಪಿಕೊಂಡು ಕೂತಿದ್ದಿರಿ ಎಂದು ಬರೆದಿದ್ದಳು. ಚೀಲದಲ್ಲಿ ಏನಿತ್ತೆಂದು ಕೇಳಬೇಕೆಂದು ವರ್ಷಗಟ್ಟಲೆ ಅಂದುಕೊಂಡಳಂತೆ. ಅವರಿಗೆ ಸಂಕೋಚವಾದೀತೆಂದು ಕೇಳಲಿಲ್ಲವಂತೆ.

ಅಷ್ಟು ವರ್ಷಗಳ ನಾಚಿಕೆ ಹೊಸದಾಗಿ ಮೈಯೇರಿತು. ಅವಳು ನೋಡಿದ್ದಳು. ನೋಡಿಯೂ, ಅಣ್ಣಿಗೇರಿಯಲ್ಲೇ ಕೂತವರನ್ನು ಮಾತಾಡಿಸುವಂತೆ ಮಾತಾಡಿದ್ದಳು. ಅದು ಗೊತ್ತಿದ್ದರೆ ಇವರು ಸೋಮವಾರ ಖಂಡಿತ ಹೋಗುತ್ತಿರಲಿಲ್ಲ. ಸಂದೇಶದ ಮೇಲೆ ಅವರ ಸಣ್ಣ ಫೋಟೋ ಇತ್ತು. ಮೂಲೆಯಲ್ಲಿ ನನ್ನ ಹಸಿರು ಬಳೆ ಇನ್ನೂ ಇದ್ದವು.

"ಏನಂತ ಬರೀಲಿ ಅಕ್ಕಾ?" ಎಂದಳು ತಂಗಿ.

"ಬರೀಬ್ಯಾಡ. ನಂಬರ್ ಕೊಡು."

ತಂಗಿ ಹೋದ ಮೇಲೆ ಒಬ್ಬಳೇ ಕೂತು ಫೋನ್ ಹಚ್ಚಿದೆ. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಸೆರಗು ಎಳೆದುಕೊಂಡೆ. ಆ ಕಡೆಯಿಂದ ಅದೇ ಧ್ವನಿ, ಈಗ ದೊಡ್ಡವಳದು. ಯಾರು ಎಂದು ಕೇಳಿದಳು. ನನ್ನ ಹೆಸರು ಹೇಳಿದರೆ ಅವಳಿಗೆ ಗುರುತು ಹತ್ತುವುದಿಲ್ಲ.

"ನಿಮ್ಮ ಗೇಟಿನ ಹೊರಗ ಚೀಲಾ ಹಿಡ್ಕೊಂಡ ಕುಂತಿದ್ನೆಲ್ಲರಿ, ಆಕೀನ್ರಿ," ಎಂದೆ. "ಸೀತನಿ ಇತ್ತರಿ ಅದರಾಗ."