ಮಾಧವರದ ಹೊಸ ಒಲೆ

ಈಗಿನವರಿಗೆ ರಜೆ ಎಂದರೆ ಹೋಟೆಲಿನ ರೂಮು. ನಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ, ಮಹಾಯುದ್ಧ ಇನ್ನೂ ಶುರುವಾಗದಿದ್ದ ಆ ವರ್ಷಗಳಲ್ಲಿ, ರಜೆಗೆ ಹೋಗುವುದೆಂದರೆ ಅರ್ಧ ಅಡುಗೆಮನೆಯನ್ನೇ ಹೊತ್ತುಕೊಂಡು ಹೋಗುವುದಾಗಿತ್ತು. ಅಪ್ಪ ಆದವಾನಿಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತರು. ವೈಶಾಖದಲ್ಲಿ ಹತ್ತಿ ಮುಗಿದು ಗಿರಣಿ ನಿಂತ ಕೂಡಲೇ ಅಪ್ಪ, ಅಮ್ಮ, ನಾನು ಹದಿನೈದು ದಿನದ ಮಟ್ಟಿಗೆ ತುಂಗಭದ್ರೆಯ ದಂಡೆಯ ಮಾಧವರಕ್ಕೆ ಹೊರಡುತ್ತಿದ್ದೆವು. ಅಕ್ಕಿ, ಬೇಳೆ, ಹುಣಸೆಹಣ್ಣು, ಮೆಂತ್ಯದ ಹಿಟ್ಟು, ಕೊಡ, ತಪ್ಪಲೆ, ಈಳಿಗೆ ಎಲ್ಲ ಕಟ್ಟಿಕೊಂಡು ರೈಲು ಹತ್ತಬೇಕು, ಕೋಸಗಿ ದಾಟಿದ ಮೇಲೆ ಇಳಿದು ಎತ್ತಿನ ಗಾಡಿ ಹಿಡಿಯಬೇಕು. ಒಂದು ವರ್ಷ ಅಮ್ಮ ಒರಳುಕಲ್ಲನ್ನೂ ತರುತ್ತೇನೆಂದು ಹಟ ಹಿಡಿದಾಗ, ಗೋಡೆಗಳನ್ನು ಮಾತ್ರ ಯಾಕೆ ಬಿಡುತ್ತೀ ಎಂದು ಅಪ್ಪ ಕೇಳಿದ್ದರು.

ಅಲ್ಲಿ ನಾವು ಇಳಿಯುತ್ತಿದ್ದದ್ದು ಲಿಂಗವ್ವನ ಮನೆಯಲ್ಲಿ. ಗಂಡ ತೀರಿಕೊಂಡಿದ್ದ ಅವಳು ಕುರಿ ಸಾಕಿ ಬದುಕುತ್ತಿದ್ದಳು. ನಾವು ಬರುವ ದಿನ ತನ್ನ ಮಾಳಿಗೆ ಮನೆಯನ್ನು ಸಾರಿಸಿ ನಮಗೆ ಬಿಟ್ಟುಕೊಟ್ಟು, ಮಗಳು ಸುಂಕಿಯನ್ನು ಕರೆದುಕೊಂಡು ಅಂಗಳದ ಚಪ್ಪರಕ್ಕೆ ಸಾಗುತ್ತಿದ್ದಳು. ಬಾಡಿಗೆ ಎಂದರೆ ಅಪ್ಪ ಗಿರಣಿಯಿಂದ ತರುತ್ತಿದ್ದ ಹತ್ತಿಕಾಳಿನ ಚೀಲಗಳು. ಅವಳ ಒಂದೇ ಒಂದು ಎಮ್ಮೆ ಬೇಸಿಗೆಯಲ್ಲೂ ಹಾಲು ಕೊಡುತ್ತಿದ್ದದ್ದು ಆ ಕಾಳಿನಿಂದಲೇ. ಇದರ ಜೊತೆಗೊಂದು ಕಟ್ಟಳೆ ಇತ್ತು. ಅಮ್ಮನದು ಮಡಿ, ಬೇರೆಯವರ ಒಲೆಯ ಮೇಲೆ ಅಡುಗೆ ಮಾಡುವ ಹಾಗಿರಲಿಲ್ಲ. ಅದಕ್ಕೇ ಲಿಂಗವ್ವ ಎಂಟು ದಿನ ಮೊದಲೇ ಹೊಳೆಯ ಜೇಡಿಮಣ್ಣು ತಂದು ಹೊಸ ಒಲೆ ಹಾಕಿ ಒಣಗಿಸಿಡುತ್ತಿದ್ದಳು. ಅದರಲ್ಲಿ ಮೊದಲ ಬೆಂಕಿ ಹೊತ್ತಿಸುವವಳು ಅಮ್ಮ. ನಾವಿರುವ ತನಕ ತಾಯಿ ಮಗಳು ತಮ್ಮದೇ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಇದು ವಿಚಿತ್ರ ಎಂದು ಆಗ ನನಗೆ ಅನಿಸಿದ್ದೇ ಇಲ್ಲ.

ಸುಂಕಿ ನನಗಿಂತ ಒಂದು ವರ್ಷ ದೊಡ್ಡವಳು. ಬೇಸಿಗೆಯ ಹೊಳೆಯಲ್ಲಿ ಕಣ್ಣು ಹಾಯುವಷ್ಟು ಮರಳು, ನಡುವೆ ಮೊಣಕಾಲುದ್ದ ನೀರು. ಮರಳಿನಲ್ಲಿ ಒರತೆ ತೋಡಿ, ಕೆಸರು ಕೂತು ತಿಳಿನೀರು ಬರುವ ತನಕ ಕಾಯುವುದನ್ನು ಕಲಿಸಿದವಳು ಅವಳೇ. ಹೊಳೆಯೊಳಗೇ ಬೆಳೆದ ಕರಬೂಜದ ವಾಸನೆ, ಅವಳ ಲಂಗದ ಕುರಿವಾಸನೆ ಎರಡೂ ನನಗೆ ಸೇರುತ್ತಿದ್ದವು. ಕಾಯಿ ಎಸೆದು ಹಿಡಿಯುವ ಗಜಗ ಆಡುವಾಗ ಅವಳ ಎಣಿಕೆಯೆಲ್ಲ ತೆಲುಗಿನಲ್ಲಿ, ಜಗಳವೆಲ್ಲ ಕನ್ನಡದಲ್ಲಿ. ವರ್ಷವಿಡೀ ನಾನು ಕಾಯುತ್ತಿದ್ದದ್ದು ಆ ಜಗಳಕ್ಕೆ.

ನನಗೆ ಒಂಬತ್ತು ತುಂಬಿದ ವರ್ಷ. ಒಂದು ಮಧ್ಯಾಹ್ನ ಅಪ್ಪ ಹೊಳೆಯಾಚೆ ಹೋಗಿದ್ದರು, ಅಮ್ಮ ಊಟ ಮುಗಿಸಿ ಪಡಸಾಲೆಯಲ್ಲಿ ಮಲಗಿದ್ದಳು. ನನಗೆ ಜೋಳದ ಅರಳು ತಿನ್ನುವ ಆಸೆಯಾಯಿತು. ಸುಂಕಿಯ ಹತ್ತಿರ ಜೋಳವಿತ್ತು, ನಮ್ಮ ಒಲೆಯಲ್ಲಿ ಕೆಂಡವಿತ್ತು, ಹುರಿಯಲು ಮಾತ್ರ ನನಗೆ ಬರುತ್ತಿರಲಿಲ್ಲ. ಅವಳನ್ನು ಕರೆದೆ. ಅವಳು ಹೊಸ್ತಿಲಾಚೆಯೇ ನಿಂತಳು.

"ಒಲ್ಲೆ. ನಿಮ್ಮಮ್ಮ ಬೈತಾಳ."

"ಮಲಗ್ಯಾಳ. ಏನೂ ಆಗಂಗಿಲ್ಲ, ಬಾ," ಎಂದು ಕೈ ಹಿಡಿದು ಎಳೆದೆ.

ತನ್ನ ಮನೆಯೊಳಗೆ ಅವಳು ಕಳ್ಳರ ಹಾಗೆ ಹೆಜ್ಜೆ ಇಟ್ಟಳು. ಬಾಣಲೆಯಲ್ಲಿ ಜೋಳ ಚಟಪಟ ಸಿಡಿಯಿತು, ಮನೆಯೆಲ್ಲ ಘಮ್ಮೆಂದಿತು. ಆ ಅರಳಿನ ಒಂದು ಕಾಳನ್ನೂ ನಾವು ತಿನ್ನಲಿಲ್ಲ. ತಿರುಗಿ ನೋಡಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

ಅಮ್ಮ ಕೂಗಾಡುವವಳಲ್ಲ. ಇವಳನ್ನು ಒಳಗೆ ಕರೆದವರು ಯಾರು ಎಂದು ನನ್ನನ್ನೇ ಕೇಳಿದಳು.

"ಆಕಿನ ಬಂದ್ಲು," ಎಂದೆ.

ಸುಂಕಿ ನನ್ನ ಮುಖ ನೋಡಿದಳು. ಇಲ್ಲ ಎಂದು ಒಂದು ಮಾತು ಅಂದಿದ್ದರೂ ನಾನು ಅಲ್ಲೇ ಅತ್ತು ಒಪ್ಪಿಕೊಂಡುಬಿಡುತ್ತಿದ್ದೆ. ಅವಳು ತುಟಿ ಬಿಚ್ಚಲಿಲ್ಲ. ಅಮ್ಮ ಒಲೆಗೆ ಒಂದು ಚೆಂಬು ನೀರು ಹೊಯ್ದಳು. ಲಿಂಗವ್ವ ಓಡಿಬಂದು ಮಗಳನ್ನು ಹೊರಗೆ ಕರೆದು ಬೆನ್ನಿಗೆ ಎರಡು ಬಾರಿಸಿ, ಹೊಸ್ತಿಲ ಹೊರಗೆ ಕೈಮುಗಿದು ನಿಂತಳು.

"ತಪ್ಪಾತ್ರಿ ಅಮ್ಮಾವ್ರ. ಬ್ಯಾರೆ ಒಲಿ ಹಾಕಿಕೊಡ್ತೀನಿ, ಹೋಗಬ್ಯಾಡ್ರಿ."

ಸಂಜೆಯೊಳಗೆ ಹಾಕಿಯೂ ಕೊಟ್ಟಳು. ಹಸಿಮಣ್ಣಿನ ಒಲೆ ಉರಿಯುತ್ತದೆಯೇ? ಮನೆ ತುಂಬ ಹೊಗೆಯಾಯಿತು, ಕರಬೂಜ ತಿಂದು ಮಲಗಿದೆವು. ಮರುದಿನ ಬೆಳಿಗ್ಗೆ ಅಪ್ಪ ಗಾಡಿ ಕರೆಸಿದರು. ಸುಂಕಿ ಚಪ್ಪರದಿಂದ ಹೊರಗೆ ಬರಲಿಲ್ಲ. ನಾನೂ ಅತ್ತ ಹೋಗಲಿಲ್ಲ.

ಮುಂದಿನ ಬೇಸಿಗೆ ನಾವು ಊರಿನ ಇನ್ನೊಂದು ತುದಿಯಲ್ಲಿ ಬೇರೆಯವರ ಮನೆ ಹಿಡಿದೆವು. ಹತ್ತಿಕಾಳೂ ಆ ಮನೆಗೇ ಹೋಯಿತು. ಲಿಂಗವ್ವ ಎಮ್ಮೆ ಮಾರಿದಳು ಎಂಬ ಸುದ್ದಿ ಹೇಳಿದವರೂ ಆ ಮನೆಯವರೇ. ಒಂದು ದಿನ ಸುಂಕಿ ಹೊಳೆಯಲ್ಲಿ ಕುರಿಗಳಿಗೆ ನೀರು ಕುಡಿಸುತ್ತ ನಿಂತದ್ದನ್ನು ಕಂಡೆ. ಮರಳಿನಲ್ಲಿ ಒಬ್ಬಳೇ ಒರತೆ ತೋಡಿಕೊಂಡು ಕೂತೆ. ಆಮೇಲೆ ಯುದ್ಧ ಬಂತು, ರೈಲಿನಲ್ಲಿ ಜಾಗ ಸಿಗದಾಯಿತು, ಮಾಧವರದ ಬೇಸಿಗೆಗಳು ಅಲ್ಲಿಗೆ ನಿಂತವು.

ಅಮ್ಮ ಹಾಸಿಗೆ ಹಿಡಿದಿದ್ದಾಗ, ನನಗೆ ಮೊಮ್ಮಕ್ಕಳಾದ ಮೇಲೆ, ಇದನ್ನು ಅವಳ ಮುಂದೆ ಒಪ್ಪಿಕೊಂಡೆ. ಅಂದು ಸುಂಕಿಯನ್ನು ಕರೆದವಳು ನಾನೇ ಎಂದೆ. ಅಮ್ಮ ನನ್ನ ಕಡೆ ತಿರುಗಿದಳು.

"ಗೊತ್ತಿತ್ತು. ನೀ ಬಾ ಅಂದದ್ದು ನನಗ ಕೇಳಿಸಿತ್ತು."

ಮತ್ತೆ ಸುಮ್ಮನಿದ್ದದ್ದು ಯಾಕೆ ಎಂದು ಕೇಳಿದೆ.

"ನನ್ನ ಮಗಳು ಸುಳ್ಳು ಹೇಳ್ಯಾಳ ಅಂತ ಅವರ ಮುಂದ ಹ್ಯಾಂಗ ಅನ್ಲಿ?"

ಅಮ್ಮ ಹೋಗಿ ಈಗ ಕೆಲವು ವರ್ಷಗಳಾದವು. ಅವಳ ಮಡಿ ಅವಳೊಂದಿಗೇ ಹೋಯಿತು. ಹೊಳೆಯಲ್ಲಿ ಆ ಮರಳೂ ಉಳಿದಿಲ್ಲವಂತೆ. ಅವಕ್ಕೆಲ್ಲ ನಾನು ಅಷ್ಟಾಗಿ ಮರುಗುವುದಿಲ್ಲ. ನನ್ನ ಪಾಲಿನ ಪೆಟ್ಟು ತಿಂದು ಸುಮ್ಮನೆ ನಿಂತ ಗೆಳತಿ ಇನ್ನೊಬ್ಬಳು ನನಗೆ ಸಿಗಲಿಲ್ಲ, ಮರುಗುವುದು ಅದಕ್ಕೆ. ಸುಂಕಿ ಅದೇ ಊರಲ್ಲಿದ್ದಾಳೆ, ಕಣ್ಣು ಮಂಜಾಗಿದೆ ಎಂದು ಆ ಕಡೆಯಿಂದ ಬಂದವರು ಹೇಳಿದರು. ಆದವಾನಿಯಿಂದ ಈಗ ಬಸ್ಸಿದೆ, ಬೆಳಿಗ್ಗೆ ಹೋದರೆ ಸಂಜೆಯೊಳಗೆ ಮನೆಗೆ ಬರಬಹುದು. ಎರಡು ಸಲ ಸೀರೆ ಉಟ್ಟು ಹೊರಟೂ ನಿಂತಿದ್ದೆ. ಇನ್ನೂ ಹೋಗಿಲ್ಲ.